ಡ್ರೈವರ್ ಹೊಡೆತಕ್ಕೆ ದೂರ ಕೂಡಿಸಿದ ಬಗೆ

"ದೂರ ಯಾಕೆ, ನೇರವಾಗಿ ಹೋದರೆ ಸಾಕಲ್ವಾ?" ಗಾಲ್ಫ್ ಆಡುವವರ ನಡುವೆ ಈ ಮಾತು ಆಗಾಗ ಬರುತ್ತದೆ. ನನ್ನ ಪ್ರಕಾರ ಇದು ಅರ್ಧ ಮಾತ್ರ ಸರಿ. 400 ಯಾರ್ಡ್ ಉದ್ದದ ಒಂದು ಪಾರ್ 4, ಅಂದರೆ ನಾಲ್ಕು ಹೊಡೆತದಲ್ಲಿ ಮುಗಿಸಬೇಕಾದ ಹೋಲ್, ತೆಗೆದುಕೊಳ್ಳಿ. ಡ್ರೈವ್, ಅಂದರೆ ಡ್ರೈವರ್ ಅನ್ನುವ ಉದ್ದದ ಕ್ಲಬ್‌ನಿಂದ (ಗಾಲ್ಫ್ ಕೋಲಿನಿಂದ) ಹೊಡೆಯುವ ಮೊದಲ ಹೊಡೆತ, 200 ಯಾರ್ಡ್ ಹೋದರೆ ಇನ್ನೂ 200 ಉಳಿಯುತ್ತದೆ. ಅಷ್ಟು ದೂರದಿಂದ ಚೆಂಡನ್ನು ಗ್ರೀನ್ ಮೇಲೆ, ಅಂದರೆ ಕುಳಿ ಇರುವ ನುಣುಪು ಹುಲ್ಲಿನ ಮೇಲೆ, ನಿಲ್ಲಿಸುವುದು ನಮ್ಮಂಥ ಹವ್ಯಾಸಿಗಳಿಗೆ ಅಪರೂಪ. ಅದೇ ಡ್ರೈವ್ 240 ಹೋದರೆ ಉಳಿಯುವುದು 160. ಆಗ ಒಂದು ಮಧ್ಯಮ ಐರನ್ (ಡ್ರೈವರ್‌ಗಿಂತ ಗಿಡ್ಡ, ಚಪ್ಪಟೆ ಹೆಡ್‌ನ ಕ್ಲಬ್) ಸಾಕು. ಅದೇ ಹೋಲ್, ಅದೇ ಆಟಗಾರ, ಆದರೆ ಆಟವೇ ಬೇರೆ.

ಕೊಲಂಬಿಯಾ ವಿಶ್ವವಿದ್ಯಾಲಯದ ಪ್ರೊಫೆಸರ್ ಮಾರ್ಕ್ ಬ್ರಾಡಿ ಗಾಲ್ಫ್ ಹೊಡೆತಗಳ ಅಂಕಿಅಂಶವನ್ನು ದೊಡ್ಡ ಪ್ರಮಾಣದಲ್ಲಿ ವಿಶ್ಲೇಷಿಸಿದವರು. ಒಳ್ಳೆಯ ಆಟಗಾರ ಮತ್ತು ಸಾಧಾರಣ ಆಟಗಾರನ ನಡುವಿನ ಸ್ಕೋರ್ ವ್ಯತ್ಯಾಸದಲ್ಲಿ ಸುಮಾರು ಮೂರನೇ ಎರಡು ಪಾಲು ಬರುವುದು 100 ಯಾರ್ಡ್‌ಗಿಂತ ದೂರದ ಹೊಡೆತಗಳಿಂದ ಎಂದು ಅವರು ತೋರಿಸಿದರು. ಪಟ್ಟಿಂಗ್ (ಗ್ರೀನ್ ಮೇಲೆ ಚೆಂಡು ಉರುಳಿಸುವುದು), ಚಿಪ್ಪಿಂಗ್ (ಗ್ರೀನ್ ಪಕ್ಕದಿಂದ ಸಣ್ಣ ಹೊಡೆತ) ಎಲ್ಲ ಸೇರಿ ಉಳಿದ ಒಂದು ಪಾಲು. ಹಾಗಾಗಿ ದೂರ ಹೊಡೆಯಬೇಕು ಅನ್ನುವುದು ಬರೀ ಪ್ರತಿಷ್ಠೆಯ ಆಸೆ ಅಲ್ಲ. ಸ್ಕೋರ್ ಇಳಿಸುವ ನೇರ ದಾರಿ ಅದು.

ಇದನ್ನು ತಲೆಯಲ್ಲಿಟ್ಟುಕೊಂಡು ಒಬ್ಬ ಕೋಚ್ ಹತ್ತಿರ ಹೋದೆ. "ಜೋರಾಗಿ ಹೊಡೆಯುವುದು ಕಲಿಸಿ" ಅಂದೆ. ಅವರು ನಕ್ಕು, "ಮೊದಲು ಈಗ ಏನಾಗ್ತಿದೆ ಅಂತ ನೋಡೋಣ ಸರ್" ಅಂದರು. ಹೊಡೆತದ ವೇಗ, ಕೋನ ಅಳೆಯುವ ಲಾಂಚ್ ಮಾನಿಟರ್ ಯಂತ್ರವನ್ನು ಹಿಂದೆ ಇಟ್ಟು, ಮಾಮೂಲಿನಂತೆ ಡ್ರೈವರ್ ಹೊಡೆಯಲು ಹೇಳಿದರು.

ಪರದೆಯಲ್ಲಿ ಬಂದ ಅಂಕಿಗಳು ಹೀಗಿದ್ದವು. ಕ್ಲಬ್ ಹೆಡ್‌ನ ವೇಗ ಗಂಟೆಗೆ 91 ಮೈಲಿ. ಚೆಂಡಿನ ವೇಗ 127. ಅಟ್ಯಾಕ್ ಆಂಗಲ್ ಮೈನಸ್ 4 ಡಿಗ್ರಿ, ಅಂದರೆ ಕ್ಲಬ್ ಮೇಲಿನಿಂದ ಕೆಳಕ್ಕೆ ಇಳಿಯುತ್ತಾ ಚೆಂಡಿಗೆ ತಾಗುತ್ತಿತ್ತು. ಸ್ಪಿನ್ ನಿಮಿಷಕ್ಕೆ 3,600 ಸುತ್ತು. ಗಾಳಿಯಲ್ಲಿ ಹೋದ ದೂರ, ಅಂದರೆ ಕ್ಯಾರಿ, 185 ಯಾರ್ಡ್ ಆಸುಪಾಸು.

ಕೋಚ್ ಇದರ ಪಕ್ಕದಲ್ಲಿ ಇನ್ನೊಂದು ಸಾಲು ಬರೆದರು. ಅದು ಎಲ್‌ಪಿಜಿಎ ಟೂರ್‌ನ ವೃತ್ತಿಪರ ಆಟಗಾರ್ತಿಯರ ಸರಾಸರಿ. ಲಾಂಚ್ ಮಾನಿಟರ್ ಮಾಡುವ ಟ್ರ್ಯಾಕ್‌ಮ್ಯಾನ್ ಕಂಪನಿ ಅಳೆದು ಪ್ರಕಟಿಸಿದ ಅಂಕಿಗಳು: ಕ್ಲಬ್ ವೇಗ 94, ಚೆಂಡಿನ ವೇಗ 140, ಅಟ್ಯಾಕ್ ಆಂಗಲ್ ಪ್ಲಸ್ 3, ಸ್ಪಿನ್ ಸುಮಾರು 2,600, ಕ್ಯಾರಿ 218. ಅದೇ ಕಂಪನಿಯ ಪ್ರಕಾರ ಸಾಧಾರಣ ಹವ್ಯಾಸಿ ಪುರುಷ ಆಟಗಾರನ ಕ್ಲಬ್ ವೇಗ 93ರ ಹತ್ತಿರ. ಆದರೆ ಅವನ ಚೆಂಡು ಉರುಳಿದ್ದೂ ಸೇರಿ ಹೋಗುವುದು 214 ಯಾರ್ಡ್ ಅಷ್ಟೇ.

ಈ ಎರಡು ಸಾಲನ್ನು ನಾನು ತುಂಬ ಹೊತ್ತು ನೋಡುತ್ತಾ ನಿಂತೆ. ವೇಗ ಹೆಚ್ಚುಕಡಿಮೆ ಒಂದೇ. ಆದರೂ ಅವರ ಚೆಂಡು ನೆಲ ಮುಟ್ಟುವ ಮೊದಲೇ ನಮ್ಮ ಚೆಂಡಿನ ಪೂರ್ತಿ ದೂರವನ್ನು ದಾಟಿಬಿಡುತ್ತದೆ. ಅಂದರೆ ಈಗಾಗಲೇ ನನ್ನ ಕೈಯಲ್ಲಿರುವ ವೇಗದಲ್ಲೇ ಎಷ್ಟೋ ಯಾರ್ಡ್ ಸುಮ್ನೆ ಸೋರಿ ಹೋಗುತ್ತಿವೆ. ಮೊದಲು ಆ ಸೋರಿಕೆ ನಿಲ್ಲಿಸಬೇಕು, ವೇಗ ಆಮೇಲೆ. ಮುಂದಿನ ಎಲ್ಲ ಕೆಲಸವೂ ಈ ಕ್ರಮದಲ್ಲೇ ನಡೆಯಿತು. ಯಾರಾದರೂ ಕೇಳಿದರೆ ನಾನು ಇದೇ ಕ್ರಮವನ್ನು ಒತ್ತಿ ಹೇಳುತ್ತೇನೆ.

ಮೊದಲ ಕೆಲಸ, ಚೆಂಡು ಕ್ಲಬ್‌ನ ಮುಖದ ಮೇಲೆ ಎಲ್ಲಿ ತಾಗುತ್ತಿದೆ ಅಂತ ತಿಳಿಯುವುದು. ಇದಕ್ಕೆ ದುಬಾರಿ ಯಂತ್ರ ಬೇಕಿಲ್ಲ. ಪಾದಕ್ಕೆ ಹಾಕುವ ಪೌಡರ್ ಸ್ಪ್ರೇಯನ್ನು ಡ್ರೈವರ್ ಮುಖಕ್ಕೆ ತೆಳ್ಳಗೆ ಹೊಡೆದರೆ ಸಾಕು. ಚೆಂಡು ತಾಗಿದ ಜಾಗದಲ್ಲಿ ಅದರ ಗುಳಿಗಳ ಸಮೇತ ಸ್ಪಷ್ಟವಾದ ಗುರುತು ಬೀಳುತ್ತದೆ. ಸ್ಪ್ರೇ ಇಲ್ಲದಿದ್ದರೆ ಬಿಳಿ ಬೋರ್ಡ್ ಮೇಲೆ ಬರೆಯುವ ಮಾರ್ಕರ್‌ನಿಂದ ಚೆಂಡಿನ ಹಿಂಭಾಗಕ್ಕೆ ಒಂದು ದೊಡ್ಡ ಚುಕ್ಕೆ ಇಡಿ. ಆ ಚುಕ್ಕೆ ಕ್ಲಬ್ ಮುಖದ ಮೇಲೆ ಅಚ್ಚಾಗುತ್ತದೆ.

ನನ್ನ ಗುರುತುಗಳೆಲ್ಲ ಹೀಲ್ ಕಡೆ, ಅಂದರೆ ಕ್ಲಬ್ ಹೆಡ್ ಕೋಲಿಗೆ ಸೇರುವ ಕಡೆ, ಅದೂ ಕೆಳಭಾಗದಲ್ಲಿ, ಗುಂಪಾಗಿ ಬಿದ್ದಿದ್ದವು. ಕೋಚ್ ವಿವರಿಸಿದಾಗ ಪರದೆಯ ಅಂಕಿಗಳಿಗೆಲ್ಲ ಕಾರಣ ಸಿಕ್ಕಿತು. ಚೆಂಡಿನ ವೇಗವನ್ನು ಕ್ಲಬ್ ವೇಗದಿಂದ ಭಾಗಿಸಿದರೆ ಬರುವ ಸಂಖ್ಯೆಗೆ ಸ್ಮ್ಯಾಶ್ ಫ್ಯಾಕ್ಟರ್ ಅನ್ನುತ್ತಾರೆ. ಡ್ರೈವರ್‌ನಲ್ಲಿ ಅದು ಹೆಚ್ಚೆಂದರೆ 1.5 ಹತ್ತಿರ ಹೋಗುತ್ತದೆ. ನನ್ನದು 1.40 ಇತ್ತು. ಮಧ್ಯ ಬಿಟ್ಟು ತಾಗಿದರೆ ಕ್ಲಬ್ ಹೆಡ್ ತಿರುಚಿಕೊಳ್ಳುತ್ತದೆ, ಶಕ್ತಿಯ ಒಂದು ಪಾಲು ಅಲ್ಲೇ ಕಳೆದುಹೋಗುತ್ತದೆ. ಅಷ್ಟೇ ಅಲ್ಲ. ಡ್ರೈವರ್ ಮುಖ ಸ್ವಲ್ಪ ಉಬ್ಬಿರುವುದರಿಂದ, ಹೆಡ್ ಹೀಗೆ ತಿರುಚಿಕೊಳ್ಳುವುದರಿಂದ, ತಾಗಿದ ಜಾಗವೇ ಸ್ಪಿನ್ ಅನ್ನೂ ಬದಲಿಸುತ್ತದೆ. ಕೆಳಗೆ ತಾಗಿದರೆ ಚೆಂಡು ತಗ್ಗಾಗಿ ಹೊರಟು ಜಾಸ್ತಿ ಸ್ಪಿನ್ ಹಿಡಿಯುತ್ತದೆ. ಮಧ್ಯಕ್ಕಿಂತ ಚೂರು ಮೇಲೆ ತಾಗಿದರೆ ಎತ್ತರವಾಗಿ ಹೊರಟು ಕಡಿಮೆ ಸ್ಪಿನ್ ಹಿಡಿಯುತ್ತದೆ. ದೂರಕ್ಕೆ ಬೇಕಿರುವುದು ಇದೇ. ಹೀಲ್ ಕಡೆ ತಾಗಿದರೆ, ಬಲಗೈ ಆಟಗಾರರ ಚೆಂಡಿಗೆ ಬಲಕ್ಕೆ ಬಾಗುವ ಸ್ಪಿನ್ ಸೇರುತ್ತದೆ. ಎಷ್ಟೋ ಜನರ ಸ್ಲೈಸ್‌ಗೆ, ಅಂದರೆ ಹಾಗೆ ಬಲಕ್ಕೆ ಬಾಗಿ ಹೋಗುವ ಹೊಡೆತಕ್ಕೆ, ಸ್ವಿಂಗ್‌ನಷ್ಟೇ ಇದೂ ಕಾರಣ.

ಇದನ್ನು ಸರಿಪಡಿಸಲು ಕೋಚ್ ಕೊಟ್ಟ ಅಭ್ಯಾಸ ನನಗೆ ತುಂಬ ಹಿಡಿಸಿತು. "ಮಧ್ಯಕ್ಕೆ ಹೊಡೆಯಿರಿ" ಅಂತ ಅವರು ಹೇಳಲೇ ಇಲ್ಲ. ಬೇಕಂತಲೇ ಟೋ ಕಡೆ, ಅಂದರೆ ಕ್ಲಬ್‌ನ ತುದಿಯ ಕಡೆ ಹೊಡೆಯಿರಿ ಅಂದರು. ಆಮೇಲೆ ಬೇಕಂತಲೇ ಹೀಲ್ ಕಡೆ. ಆಮೇಲೆ ಮತ್ತೆ ಟೋ. ಪ್ರತಿ ಸಲ ಸ್ಪ್ರೇ ಗುರುತು ನೋಡಿ ಒರೆಸುವುದು. ಅರ್ಧ ವೇಗದಲ್ಲಿ ಮಾತ್ರ. ಟೋಗೆ ಹೊಡೆಯಲು ಹೋದಾಗ ಮೊದಮೊದಲು ಗುರುತು ಮಧ್ಯದಲ್ಲಿ ಬೀಳುತ್ತಿತ್ತು. ನನ್ನ ಮೈಗೆ ಟೋ ಅನ್ನಿಸುತ್ತಿದ್ದ ಜಾಗವೇ ನಿಜವಾದ ಮಧ್ಯ ಅಂತ ಆಗ ಗೊತ್ತಾಯಿತು. ಯಾರೋ ಹೇಳಿದ್ದರೆ ನಾನು ನಂಬುತ್ತಿರಲಿಲ್ಲ, ಗುರುತು ನೋಡಿ ನಂಬಿದೆ. ಎರಡೂ ಕಡೆ ಬೇಕಾದ ಹಾಗೆ ತಾಗಿಸಲು ಬಂದ ಮೇಲೆ ಮಧ್ಯ ತಾನಾಗಿಯೇ ಸಿಗತೊಡಗಿತು.

ಇದರ ಜೊತೆಗೆ ಇನ್ನೊಂದು ಸಣ್ಣ ಉಪಾಯ. ಚೆಂಡಿನ ಆಚೆ ಬದಿಗೆ, ಕ್ಲಬ್‌ನ ತುದಿಗಿಂತ ಒಂದು ಬೆರಳು ಹೊರಗೆ, ಇನ್ನೊಂದು ಟೀ, ಅಂದರೆ ಚೆಂಡು ಕೂರಿಸುವ ಸಣ್ಣ ಗೂಟ, ನೆಡುವುದು. ಕ್ಲಬ್ ಆ ಟೀಗೆ ತಾಗದೆ ಚೆಂಡಿಗೆ ತಾಗಬೇಕು. ಸ್ವಿಂಗ್ ಮಾಡುವಾಗ ಮೈ ಮುಂದಕ್ಕೆ, ಬೆರಳ ತುದಿಯ ಮೇಲೆ ವಾಲುತ್ತಿದ್ದರೆ ಕ್ಲಬ್ ಟೀಗೆ ತಾಗಿ ತಕ್ಷಣ ಗೊತ್ತಾಗುತ್ತದೆ. ನಿಂತಾಗ ಭಾರ ಪಾದದ ನಡುವೆ, ಶೂ ಲೇಸ್ ಕಟ್ಟುವ ಜಾಗದ ಕೆಳಗೆ ಇರಬೇಕು ಅನ್ನುವುದು ಆ ಟೀಯಿಂದಲೇ ನನಗೆ ಮನದಟ್ಟಾಯಿತು.

ವೇಗವನ್ನು ಮುಟ್ಟದೆ ಬರೀ ಇಷ್ಟರಿಂದಲೇ ಚೆಂಡಿನ ವೇಗ 127ರಿಂದ 132ಕ್ಕೆ ಏರಿತು. ಚೆಂಡಿನ ವೇಗ ಒಂದು ಮೈಲಿ ಹೆಚ್ಚಿದರೆ ಸುಮಾರು ಎರಡು ಯಾರ್ಡ್ ಸಿಗುತ್ತದೆ ಅಂತ ಲೆಕ್ಕ. ಅಂದರೆ ಹತ್ತು ಯಾರ್ಡ್, ಒಂದು ಹನಿ ಬೆವರೂ ಸುರಿಸದೆ.

ಎರಡನೇ ಕೆಲಸ, ಕೆಳಕ್ಕೆ ಇಳಿಯುತ್ತಿದ್ದ ಕ್ಲಬ್ ಅನ್ನು ಮೇಲಕ್ಕೆ ಏರುತ್ತಾ ತಾಗುವಂತೆ ಮಾಡುವುದು. ಐರನ್‌ನಲ್ಲಿ ಚೆಂಡು ನೆಲದ ಮೇಲಿರುತ್ತದೆ, ಅಲ್ಲಿ ಕೆಳಮುಖವಾಗಿ ಹೊಡೆಯಬೇಕು. ಡ್ರೈವರ್‌ನಲ್ಲಿ ಚೆಂಡು ಟೀ ಮೇಲೆ ನಿಂತಿರುತ್ತದೆ. ಇರುವ ಸ್ವಿಂಗ್ ವೇಗ ಕಡಿಮೆ ಇದ್ದಷ್ಟೂ ಮೇಲ್ಮುಖ ಹೊಡೆತದ ಲಾಭ ಜಾಸ್ತಿ. ಪಿಜಿಎ ಟೂರ್‌ನ ಗಂಡಸರ ಸರಾಸರಿ ಅಟ್ಯಾಕ್ ಆಂಗಲ್ ಸ್ವಲ್ಪ ಮೈನಸ್‌ನಲ್ಲೇ ಇದೆ. ಅವರ ಕ್ಲಬ್ ವೇಗ 113ರ ಮೇಲಿದೆ, ದೂರದ ಒಂದು ಪಾಲು ಬಿಟ್ಟುಕೊಟ್ಟರೂ ಅವರಿಗೆ ನಡೆಯುತ್ತದೆ. ನಮಗೆ ಹಾಗಲ್ಲ. ಟಿವಿಯಲ್ಲಿ ನೋಡಿ ಕಲಿಯುವುದಾದರೆ ಹವ್ಯಾಸಿ ಗಂಡಸರು ಮಹಿಳಾ ಟೂರ್ ನೋಡುವುದು ಎಷ್ಟೋ ಮೇಲು. ಅವರ ವೇಗ ನಮ್ಮ ವೇಗಕ್ಕೆ ಹತ್ತಿರ, ಅವರ ವಿಧಾನ ನಮಗೆ ಒಗ್ಗುವಂಥದ್ದು.

ಇಲ್ಲಿ ಬದಲಾದದ್ದು ಬಹುತೇಕ ನಿಲ್ಲುವ ರೀತಿ ಮಾತ್ರ. ಟೀ ಎತ್ತರಿಸಿದೆವು. ಕ್ಲಬ್ ಅನ್ನು ನೆಲಕ್ಕೆ ಇಟ್ಟಾಗ ಚೆಂಡಿನ ಅರ್ಧ ಭಾಗ ಕ್ಲಬ್‌ನ ನೆತ್ತಿಗಿಂತ ಮೇಲೆ ಕಾಣಬೇಕು. ಚೆಂಡನ್ನು ಎಡಗಾಲಿನ ಹಿಮ್ಮಡಿಯ ಒಳ ಅಂಚಿನ ನೇರಕ್ಕೆ ತಂದೆವು. ಸ್ವಿಂಗ್‌ನ ಕಮಾನು ಹೆಚ್ಚುಕಡಿಮೆ ಎಡ ಭುಜದ ಕೆಳಗೆ ತನ್ನ ಅತಿ ತಗ್ಗಿನ ಬಿಂದು ಮುಟ್ಟುತ್ತದೆ. ಮೈ ತುಸು ಹಿಂದಕ್ಕೆ ವಾಲಿದ್ದರೆ ಆ ಬಿಂದು ಚೆಂಡಿಗಿಂತ ಹಿಂದೆ ಸರಿಯುತ್ತದೆ, ಅಲ್ಲಿಂದ ಕ್ಲಬ್ ಮೇಲೇರುತ್ತಾ ಚೆಂಡಿಗೆ ಸಿಗುತ್ತದೆ. ಕಾಲುಗಳ ನಡುವಿನ ಅಂತರ ಭುಜಕ್ಕಿಂತ ಸ್ವಲ್ಪ ಅಗಲ. ಬಲ ಭುಜ ಎಡಕ್ಕಿಂತ ಕೆಳಗೆ, ಬೆನ್ನು ಗುರಿಯಿಂದ ಆಚೆಗೆ ಚೂರು ವಾಲಿದ ಹಾಗೆ. ಬಲಗೈಯನ್ನು ಬಲ ಮೊಣಕಾಲಿನ ಕಡೆ ಜಾರಿಸಿದರೆ ಈ ವಾಲು ತಾನೇ ಬರುತ್ತದೆ.

ಅಭ್ಯಾಸಕ್ಕೆ ಚೆಂಡು ಬಂದ ಖಾಲಿ ರಟ್ಟಿನ ಪೆಟ್ಟಿಗೆಯೊಂದನ್ನು ಚೆಂಡಿನ ಮುಂದೆ, ಗುರಿಯ ದಿಕ್ಕಿನಲ್ಲಿ, ಒಂದು ಅಡಿ ದೂರ ಮಲಗಿಸಿದೆವು. ಚೆಂಡಿಗೆ ಹೊಡೆದ ಮೇಲೆ ಕ್ಲಬ್ ಆ ಪೆಟ್ಟಿಗೆಯ ಮೇಲಿಂದ ಹಾದುಹೋಗಬೇಕು. ಕೆಳಮುಖವಾಗಿ ಹೊಡೆದರೆ ಪೆಟ್ಟಿಗೆ ಹಾರಿಹೋಗುತ್ತದೆ. ಎಷ್ಟು ಮಾತಿನಲ್ಲಿ ಹೇಳಿದರೂ ಬಾರದ್ದು ಆ ಪೆಟ್ಟಿಗೆಯಿಂದ ಬಂತು. ಮೈಗೆ ಒಂದು ಅಡ್ಡಿ ತೋರಿಸಿದರೆ ಅದನ್ನು ದಾಟುವ ದಾರಿ ಮೈ ತಾನೇ ಹುಡುಕುತ್ತದೆ.

ಮೈನಸ್ 4 ಹೋಗಿ ಪ್ಲಸ್ 2 ಆಯಿತು. ಸ್ಪಿನ್ 3,000ಕ್ಕಿಂತ ಕೆಳಗೆ ಬಂತು. ಚೆಂಡು ಗಾಳಿಯಲ್ಲಿ ಉಬ್ಬಿ ನಿಂತು ಧೊಪ್ಪನೆ ಬೀಳುತ್ತಿದ್ದದ್ದು ನಿಂತಿತು. ಎತ್ತರಕ್ಕೆ ಹೊರಟು, ಮುಂದೆ ಸಾಗಿ, ಬಿದ್ದ ಮೇಲೂ ಓಡತೊಡಗಿತು.

ಈ ಹಂತದಲ್ಲಿ ಲಾಫ್ಟ್, ಅಂದರೆ ಕ್ಲಬ್ ಮುಖ ಹಿಂದಕ್ಕೆ ವಾಲಿರುವ ಕೋನದ ಬಗ್ಗೆಯೂ ಮಾತು ಬಂತು. ಕಡಿಮೆ ಲಾಫ್ಟ್‌ನ ಡ್ರೈವರ್ ದೂರ ಹೋಗುತ್ತದೆ ಅನ್ನುವ ನಂಬಿಕೆ ಎಲ್ಲ ಕಡೆ ಇದೆ. 9 ಡಿಗ್ರಿ ಬರೆದಿರುವ ಡ್ರೈವರ್ ಚೀಲದಲ್ಲಿ ಇದ್ದರೆ ಒಳ್ಳೆಯ ಆಟಗಾರನ ಹಾಗೆ ಕಾಣುತ್ತದೆ ನಿಜ. ಆದರೆ 90ರ ಆಸುಪಾಸಿನ ವೇಗಕ್ಕೆ ಅದು ಚೆಂಡನ್ನು ಸಾಕಷ್ಟು ಎತ್ತರಕ್ಕೆ ಎತ್ತುವುದಿಲ್ಲ. ನನ್ನ ಡ್ರೈವರ್‌ನ ಕುತ್ತಿಗೆಯಲ್ಲಿ ಲಾಫ್ಟ್ ಬದಲಿಸುವ ಸೌಲಭ್ಯ ಇತ್ತು. ಅದನ್ನು 10.5ರಿಂದ ಒಂದು ಡಿಗ್ರಿ ಏರಿಸಿದೆವು. ಕ್ಯಾರಿ ಆಗಲೇ ಸುಧಾರಿಸಿತು. ಇದನ್ನು ನಂಬಿಕೆಯ ಮೇಲೆ ಮಾಡಬೇಡಿ, ಲಾಂಚ್ ಮಾನಿಟರ್ ಮುಂದೆ ಎರಡೂ ಹೊಡೆದು ನೋಡಿ.

ಹೊಸ ಡ್ರೈವರ್ ಕೊಳ್ಳುವುದರ ಬಗ್ಗೆ ನನ್ನ ಅಭಿಪ್ರಾಯ ಸ್ಪಷ್ಟ. ಗಾಲ್ಫ್ ನಿಯಮಗಳು ಡ್ರೈವರ್ ಹೆಡ್‌ನ ಗಾತ್ರವನ್ನು 460 ಘನ ಸೆಂಟಿಮೀಟರ್‌ಗೆ ಮಿತಿಗೊಳಿಸಿವೆ. ಮುಖ ಎಷ್ಟು ಚಿಮ್ಮಬಹುದು ಅನ್ನುವುದಕ್ಕೂ ಮಿತಿ ಇದೆ. ಎಲ್ಲ ದೊಡ್ಡ ಕಂಪನಿಗಳೂ ವರ್ಷಗಳಿಂದ ಆ ಗೆರೆಗೆ ಒತ್ತಿಕೊಂಡೇ ಡ್ರೈವರ್ ಮಾಡುತ್ತಿವೆ. ಹೊಸದರಲ್ಲಿ ಸಿಗುವ ಲಾಭ ಮುಖ್ಯವಾಗಿ ಮಧ್ಯ ತಪ್ಪಿದ ಹೊಡೆತಗಳಲ್ಲಿ. ನಿಮ್ಮ ಡ್ರೈವರ್ ತೀರಾ ಹಳೆಯದಲ್ಲದಿದ್ದರೆ ಆ ದುಡ್ಡನ್ನು ಪಾಠಕ್ಕೆ ಖರ್ಚು ಮಾಡಿ. ಉದ್ದ ಶಾಫ್ಟ್ (ಕ್ಲಬ್‌ನ ಕೋಲು) ಕೂಡ ಹಾಗೆಯೇ. ಕ್ಲಬ್ 48 ಇಂಚಿನವರೆಗೆ ಇರಬಹುದು ಅನ್ನುತ್ತದೆ ನಿಯಮ. 2022ರಿಂದ ವೃತ್ತಿಪರ ಸ್ಪರ್ಧೆಗಳಲ್ಲಿ 46 ಇಂಚಿನ ಮಿತಿ ಹಾಕಲು ಅವಕಾಶ ಕೊಟ್ಟಿದ್ದಾರೆ. ಉದ್ದ ಹೆಚ್ಚಿದರೆ ವೇಗ ಸ್ವಲ್ಪ ಬರುತ್ತದೆ, ಆದರೆ ಮಧ್ಯಕ್ಕೆ ತಾಗಿಸುವುದು ಕಷ್ಟವಾಗುತ್ತದೆ. ನನಗಂತೂ ಅರ್ಧ ಇಂಚು ಕೆಳಗೆ ಹಿಡಿದಾಗಲೇ ಸರಾಸರಿ ದೂರ ಚೆನ್ನಾಗಿ ಬಂತು.

ಗ್ರಿಪ್ ವಿಷಯ ಬೇಗ ಮುಗಿಯಿತು. ಎಡಗೈಯಲ್ಲಿ ಕ್ಲಬ್ ಅಂಗೈಗೆ ಬದಲು ಬೆರಳುಗಳಲ್ಲಿ ಕೂತಿರಬೇಕು. ಕೆಳಗೆ ನೋಡಿದಾಗ ಎಡಗೈಯ ಎರಡರಿಂದ ಮೂರು ಗೆಣ್ಣು ಕಾಣಬೇಕು. ಬಿಗಿಯಾಗಿ ಹಿಡಿದರೆ ಮಣಿಕಟ್ಟು, ಮುಂದೋಳು ಎರಡೂ ಸೆಟೆಯುತ್ತವೆ, ಕ್ಲಬ್ ಹೆಡ್ ಓಡುವುದಿಲ್ಲ.

ಇಷ್ಟೆಲ್ಲ ಕೂತ ಮೇಲೆ ವೇಗಕ್ಕೆ ಕೈ ಹಾಕಿದೆವು. ಇಲ್ಲಿಂದ ಮುಂದಿನದು ನಿಜವಾದ ದುಡಿಮೆ.

ಮೊದಲು ಬ್ಯಾಕ್‌ಸ್ವಿಂಗ್, ಅಂದರೆ ಕ್ಲಬ್ ಹಿಂದಕ್ಕೆ ಎತ್ತುವುದು. ವಯಸ್ಸಾದಂತೆ ಸೊಂಟ, ಬೆನ್ನು ಬಿಗಿಯಾಗುತ್ತವೆ. ಆದರೂ ಎಡಗಾಲನ್ನು ನೆಲಕ್ಕೆ ಅಂಟಿಸಿಕೊಂಡು, ಸೊಂಟ ತಿರುಗಿಸದೆ, ಭುಜ ಮಾತ್ರ ತಿರುಗಿಸಬೇಕು ಅನ್ನುವ ಉಪದೇಶ ಈಗಲೂ ಚಾಲ್ತಿಯಲ್ಲಿದೆ. ಕುರ್ಚಿಯಲ್ಲಿ ಕೂತು ಕೆಲಸ ಮಾಡುವ ಮೈಗೆ ಅದು ಆಗದ ಮಾತು. ಗಾಲ್ಫ್ ದಿಗ್ಗಜ ಜ್ಯಾಕ್ ನಿಕ್ಲಾಸ್ ತಮ್ಮ ಉತ್ತುಂಗದ ದಿನಗಳಲ್ಲಿ ಎಡ ಹಿಮ್ಮಡಿಯನ್ನು ಧಾರಾಳವಾಗಿ ಎತ್ತುತ್ತಿದ್ದರು. 1963ರ ಪಿಜಿಎ ಚಾಂಪಿಯನ್‌ಶಿಪ್‌ಗೆ ಮುಂಚೆ ನಡೆದ ದೂರ ಹೊಡೆಯುವ ಸ್ಪರ್ಧೆಯಲ್ಲಿ ಅವರು 341 ಯಾರ್ಡ್ ಹೊಡೆದರು. ಆಗ ಡ್ರೈವರ್ ಹೆಡ್ ಮರದ್ದು! ನಾನೂ ಎಡ ಹಿಮ್ಮಡಿ ಎತ್ತತೊಡಗಿದೆ. ಬಲ ಪಾದದ ತುದಿಯನ್ನು ಸ್ವಲ್ಪ ಹೊರಕ್ಕೆ ತಿರುಗಿಸಿ ನಿಂತೆ. ಸೊಂಟ ತಿರುಗಿತು, ಬೆನ್ನು ಗುರಿಯ ಕಡೆಗೆ ಬಂತು, ಕ್ಲಬ್‌ಗೆ ಓಡಲು ಉದ್ದ ದಾರಿ ಸಿಕ್ಕಿತು. ಕೆಳಬೆನ್ನಿನ ಮೇಲೆ ಬೀಳುತ್ತಿದ್ದ ಒತ್ತಡವೂ ಇಳಿಯಿತು.

ಆಮೇಲೆ ಕ್ರಮ. ಡೌನ್‌ಸ್ವಿಂಗ್‌ನಲ್ಲಿ, ಅಂದರೆ ಕ್ಲಬ್ ಚೆಂಡಿನ ಕಡೆ ಇಳಿಯುವಾಗ, ಯಾವುದು ಮೊದಲು, ಯಾವುದು ಆಮೇಲೆ ಅನ್ನುವುದು. ಕೆರೆಯ ನೀರಿನ ಮೇಲೆ ಚಪ್ಪಟೆ ಕಲ್ಲು ಎಸೆದು ಚಿಮ್ಮಿಸುವುದನ್ನು ನೆನಪಿಸಿಕೊಳ್ಳಿ. ಕೈ ಇನ್ನೂ ಹಿಂದೆ ಇರುವಾಗಲೇ ಮುಂಗಾಲು ಮುಂದೆ ಹೋಗುತ್ತದೆ, ಆಮೇಲೆ ಸೊಂಟ, ಕೊನೆಗೆ ಕೈ. ಗಾಲ್ಫ್‌ನಲ್ಲೂ ಸೊಂಟ, ಎದೆ, ತೋಳು, ಕ್ಲಬ್ ಅನ್ನುವ ಕ್ರಮದಲ್ಲಿ ಒಂದೊಂದೂ ತನ್ನ ಗರಿಷ್ಠ ವೇಗ ಮುಟ್ಟಿ ನಿಧಾನವಾಗುತ್ತದೆ. ನಿಧಾನವಾಗುವಾಗ ಮುಂದಿನದಕ್ಕೆ ವೇಗ ದಾಟಿಸುತ್ತದೆ. ಕೈ ಮೊದಲೇ ಓಡಿದರೆ ಈ ಸರಪಳಿ ಕಡಿದುಹೋಗುತ್ತದೆ.

ಇದಕ್ಕೆ ಹೆಜ್ಜೆ ಅಭ್ಯಾಸ. ಎರಡೂ ಪಾದ ಜೋಡಿಸಿ ನಿಲ್ಲುವುದು. ಕ್ಲಬ್ ಹಿಂದಕ್ಕೆ ಹೋಗುತ್ತಾ ಇರುವಾಗಲೇ, ಅದು ಮೇಲೆ ತಲುಪುವ ಮೊದಲೇ, ಎಡಗಾಲು ಗುರಿಯ ಕಡೆ ಒಂದು ಹೆಜ್ಜೆ ಇಡುವುದು. ಕಾಲು ನೆಲಕ್ಕೆ ಊರಿದ ಮೇಲೆ ಸ್ವಿಂಗ್. ಮೊದಲು ಚೆಂಡಿಲ್ಲದೆ, ಆಮೇಲೆ ಚೆಂಡಿಟ್ಟು ಮೆತ್ತಗೆ. ಎಡಗಾಲು ಊರಿದ ಕ್ಷಣದಲ್ಲಿ ನೆಲವನ್ನು ಕೆಳಕ್ಕೆ ಒತ್ತಬೇಕು, ನಿಂತಲ್ಲೇ ಮೇಲಕ್ಕೆ ಜಿಗಿಯುವವರ ಹಾಗೆ. ದೂರ ಹೊಡೆಯುವವರನ್ನು ನಿಧಾನಗತಿಯ ವಿಡಿಯೋದಲ್ಲಿ ನೋಡಿ. ಚೆಂಡಿಗೆ ತಾಗುವಾಗ ಅವರ ಎಡಗಾಲು ನೇರವಾಗಿರುತ್ತದೆ, ಕೆಲವರ ಪಾದ ನೆಲ ಬಿಟ್ಟೇ ಇರುತ್ತದೆ. ಆ ಒತ್ತು ನೆಲದಿಂದ ಮೈಗೆ ವಾಪಸ್ ಬಂದು ಕ್ಲಬ್‌ನಲ್ಲಿ ವೇಗವಾಗುತ್ತದೆ.

ಕೊನೆಯ ಭಾಗ, ಶುದ್ಧ ವೇಗದ ತರಬೇತಿ. ಇಲ್ಲಿ ಚೆಂಡೇ ಇರುವುದಿಲ್ಲ. ಚೆಂಡು ಎದುರಿಗಿದ್ದರೆ ಮನಸ್ಸು ಅದನ್ನು ನೇರವಾಗಿ ಕಳಿಸಲು ನೋಡುತ್ತದೆ, ಮೈ ತಡೆದುಕೊಳ್ಳುತ್ತದೆ. ಚೆಂಡು ತೆಗೆದರೆ ಆ ತಡೆ ಹೋಗುತ್ತದೆ. ಡ್ರೈವರ್‌ಗಿಂತ ಹಗುರವಾದ ಕೋಲು, ಸ್ವಲ್ಪ ಭಾರದ ಕೋಲು, ಎರಡನ್ನೂ ಬದಲಿಸುತ್ತಾ ಪೂರ್ತಿ ಜೋರಿನಲ್ಲಿ ಬೀಸುವುದು. ಹಗುರ ಕೋಲು ಮೈಗೆ ಹೊಸ ವೇಗ ತೋರಿಸುತ್ತದೆ, ಭಾರದ ಕೋಲು ಬಲ ಕೇಳುತ್ತದೆ. ಕೋಲು ಇಲ್ಲದಿದ್ದರೆ ಡ್ರೈವರನ್ನೇ ತಲೆಕೆಳಗಾಗಿ, ಹೆಡ್‌ನ ಹತ್ತಿರ ಶಾಫ್ಟ್ ಹಿಡಿದು ಬೀಸಿ. ಸುಯ್ಯ್ ಅನ್ನುವ ಸದ್ದು ಬರುತ್ತದೆ. ಆ ಸದ್ದು ಬಲಗಾಲಿನ ಬಳಿ ಜೋರಾಗಿದ್ದರೆ ವೇಗ ಮೊದಲೇ ಖರ್ಚಾಗಿದೆ ಅಂತ ಅರ್ಥ. ಚೆಂಡು ಇರಬೇಕಾದ ಜಾಗದಲ್ಲಿ, ಅದರಿಂದ ಚೂರು ಮುಂದೆ ಜೋರಾಗಬೇಕು. ಎಡಗೈ ಆಟಗಾರನಂತೆ ಉಲ್ಟಾ ಬದಿಯಿಂದಲೂ ಬೀಸಬೇಕು. ಆಗ ಮೈಯ ಎರಡೂ ಬದಿ ಸಮವಾಗಿ ದುಡಿಯುತ್ತವೆ.

ವಾರದಲ್ಲಿ ಎರಡು ಮೂರು ಸಲ, ನಡುವೆ ಬಿಡುವು ಕೊಟ್ಟು ಮಾಡಿದರೆ ಸಾಕು. ಬೀಸಿನಿಂದ ಬೀಸಿಗೆ ಅರ್ಧ ನಿಮಿಷವಾದರೂ ಸುಧಾರಿಸಿಕೊಳ್ಳಬೇಕು. ಏದುಸಿರು ಬಿಡುತ್ತಾ ಬೀಸಿದರೆ ಅದು ವ್ಯಾಯಾಮ ಆಗುತ್ತದೆಯೇ ಹೊರತು ವೇಗದ ತರಬೇತಿ ಆಗುವುದಿಲ್ಲ. ಒಂದು ಸಣ್ಣ ರೇಡಾರ್ ಎದುರಿಗಿಟ್ಟುಕೊಳ್ಳುವುದು ತುಂಬ ಒಳ್ಳೆಯದು. ಪ್ರತಿ ಬೀಸಿಗೂ ಅಂಕಿ ಕಂಡರೆ ಮೈ ತಾನಾಗಿ ಇನ್ನೊಂದು ಮೈಲಿ ಹುಡುಕುತ್ತದೆ. ಇದಕ್ಕೆ ಮೊದಲು ಸೊಂಟ, ಭುಜ, ಬೆನ್ನು ಚೆನ್ನಾಗಿ ಬಿಸಿ ಮಾಡಿಕೊಳ್ಳಲೇಬೇಕು. ಬೆನ್ನು ನೋವು ಇರುವವರು ವೈದ್ಯರನ್ನು ಕೇಳದೆ ಇದಕ್ಕೆ ಇಳಿಯಬಾರದು. ಎಲ್ಲಾದರೂ ಚುಚ್ಚಿದಂತಾದರೆ ಅವತ್ತಿಗೆ ಅಲ್ಲೇ ನಿಲ್ಲಿಸಬೇಕು. ಇದನ್ನು ನಾನು ಗಟ್ಟಿಯಾಗಿ ಹೇಳುತ್ತೇನೆ. ಬೆನ್ನು ಹೋದರೆ ಗಾಲ್ಫೇ ಹೋಗುತ್ತದೆ.

ವೇಗ ಬೇಕು ಅಂದಾಕ್ಷಣ ಎಲ್ಲರೂ ವೃತ್ತಿಪರ ಆಟಗಾರ ಬ್ರೈಸನ್ ಡಿಶಾಂಬೊ ಹೆಸರು ತೆಗೆಯುತ್ತಾರೆ. ಅವರು ಮೈ ಬೆಳೆಸಿ, ಡ್ರೈವ್ ಸರಾಸರಿಯನ್ನು 2019ರ 302 ಯಾರ್ಡ್‌ನಿಂದ 2020ರಲ್ಲಿ 322ಕ್ಕೆ ಏರಿಸಿದರು. ಅದೇ ವರ್ಷ ವಿಂಗ್ಡ್ ಫುಟ್ ಕೋರ್ಸ್‌ನಲ್ಲಿ ಯುಎಸ್ ಓಪನ್ ಅನ್ನು 6 ಹೊಡೆತಗಳ ಅಂತರದಲ್ಲಿ ಗೆದ್ದರು. ಆದರೆ ನಮಗೆ ಹತ್ತಿರದ ಉದಾಹರಣೆ ಮ್ಯಾಟ್ ಫಿಟ್ಜ್‌ಪ್ಯಾಟ್ರಿಕ್ ಅಂತ ನನ್ನ ಅನಿಸಿಕೆ. ಸಾಧಾರಣ ಮೈಕಟ್ಟಿನ ಆಟಗಾರ. ತೂಕ ಬದಲಿಸಬಹುದಾದ ಕೋಲು ಬೀಸುವ ಇಂಥದ್ದೇ ತರಬೇತಿಯಿಂದ ವೇಗ ಕೂಡಿಸಿಕೊಂಡರು. 2022ರಲ್ಲಿ ಬ್ರೂಕ್‌ಲೈನ್‌ನಲ್ಲಿ ಯುಎಸ್ ಓಪನ್ ಗೆದ್ದರು. ವಯಸ್ಸಿನ ನೆಪ ಹೇಳುವವರಿಗೆ ಮೈಕ್ ಆಸ್ಟಿನ್ ಇದ್ದಾರೆ. 1974ರಲ್ಲಿ, 64ನೇ ವಯಸ್ಸಿನಲ್ಲಿ, ಸ್ಪರ್ಧೆಯೊಂದರಲ್ಲಿ 515 ಯಾರ್ಡ್ ಡ್ರೈವ್ ಹೊಡೆದರು. ಜೋರು ಗಾಳಿ ಬೆನ್ನ ಹಿಂದಿತ್ತು ನಿಜ. ಆದರೂ 64ರಲ್ಲಿ ಅಂಥ ಹೊಡೆತ!

ನನ್ನ ವೇಗ ಮೊದಲ ವಾರಗಳಲ್ಲಿ ಸರಸರ ಏರಿತು. ಆಮೇಲೆ ಒಂದೇ ಕಡೆ ನಿಂತಿತು. ಆಗ ಕೋಚ್ ಕೋಲು ಕೆಳಗಿಡಿಸಿ ಕಾಲಿನ ಬಲದ ಕೆಲಸ ಕೊಟ್ಟರು. ಬಸ್ಕಿ, ತೂಕ ಎತ್ತುವುದು, ನಿಂತಲ್ಲಿಂದ ಜಿಗಿಯುವುದು, ಭಾರದ ಮೆಡಿಸಿನ್ ಬಾಲ್ ಅನ್ನು ಪಕ್ಕಕ್ಕೆ ತಿರುಗಿ ಗೋಡೆಗೆ ಎಸೆಯುವುದು. ಬೆನ್ನಿನ ಮೇಲ್ಭಾಗ ತಿರುಗಲು ದಿನಾ ಹತ್ತು ನಿಮಿಷದ ವ್ಯಾಯಾಮ. ಈ ಭಾಗ ಬೇಸರ ತರಿಸುತ್ತದೆ, ಸುಳ್ಳು ಹೇಳುವುದಿಲ್ಲ. ಆದರೆ ನಿಂತಿದ್ದ ಅಂಕಿ ಮತ್ತೆ ಅಲುಗಾಡಿದ್ದು ಇದರಿಂದಲೇ.

ಒಂದು ನಿಯಮವನ್ನು ಕೋಚ್ ಕೊನೆಯವರೆಗೂ ಸಡಿಲಿಸಲಿಲ್ಲ. ವೇಗದ ದಿನ ಬೇರೆ, ದಿಕ್ಕಿನ ದಿನ ಬೇರೆ. ವೇಗದ ದಿನ ಚೆಂಡು ಎಲ್ಲಿ ಹೋಯಿತು ಅಂತ ನೋಡುವ ಹಾಗಿಲ್ಲ. ದಿಕ್ಕಿನ ದಿನ ಅಂಕಿ ನೋಡುವ ಹಾಗಿಲ್ಲ. ಎರಡನ್ನೂ ಒಟ್ಟಿಗೆ ಕಟ್ಟಲು ಹೋದರೆ ಎರಡೂ ಬರುವುದಿಲ್ಲ ಅನ್ನುವುದು ಅವರ ಮಾತು. ಆಟದ ದಿನ ಎರಡನ್ನೂ ಬಿಡುವುದು. ಕೋರ್ಸ್‌ನಲ್ಲಿ ನನ್ನ ಮನಸ್ಸಿನಲ್ಲಿ ಇರುವುದು ಒಂದೇ, ಪೂರ್ತಿ ತಿರುಗಿ ಕೊನೆಯಲ್ಲಿ ಎಡಗಾಲ ಮೇಲೆ ಸಮತೋಲದಲ್ಲಿ ನಿಲ್ಲುವುದು. ಅಷ್ಟಾದರೆ ವೇಗ ತನ್ನ ಪಾಡಿಗೆ ಬರುತ್ತದೆ.

ಅಳೆಯುವಾಗ ಒಂದು ಎಚ್ಚರ ಬೇಕು. ಅಭ್ಯಾಸದ ರೇಂಜ್‌ನಲ್ಲಿ ಕೊಡುವ ಚೆಂಡು ಎಷ್ಟೋ ಕಡೆ ಕಡಿಮೆ ದೂರ ಹೋಗುವಂಥದ್ದು, ಸವೆದದ್ದೂ ಇರುತ್ತದೆ. ಚಳಿಯಲ್ಲಿ ಗಾಳಿ ದಟ್ಟ, ಚೆಂಡೂ ಗಡಸು, ದೂರ ಇಳಿಯುತ್ತದೆ. ಎತ್ತರದ ಪ್ರದೇಶದಲ್ಲಿ ಗಾಳಿ ತೆಳು, ದೂರ ಏರುತ್ತದೆ. ಒಣ ಗಟ್ಟಿ ಫೇರ್‌ವೇ ಮೇಲೆ ಬಿದ್ದರೆ ಚೆಂಡು ಓಡುತ್ತಲೇ ಇರುತ್ತದೆ. ಒಂದು ಒಳ್ಳೆಯ ದಿನದ ಒಂದು ಹೊಡೆತವನ್ನು ನಿಮ್ಮ ದೂರ ಅಂತ ಹಿಡಿಯಬೇಡಿ. ಆಟಕ್ಕೆ ಬಳಸುವ ಚೆಂಡನ್ನೇ ಬಳಸಿ, ಒಂದೇ ರೀತಿಯ ಹವೆಯಲ್ಲಿ, ಕ್ಯಾರಿ ಸರಾಸರಿ ನೋಡಿ.

ಈಗ ನನ್ನ ಕ್ಲಬ್ ವೇಗ 97ರ ಆಸುಪಾಸು, ಚೆಂಡಿನ ವೇಗ 142, ಕ್ಯಾರಿ 220ರ ಮೇಲೆ. ವೇಗ ಏರಿದ್ದು 6 ಮೈಲಿ. ಒಂದು ಮೈಲಿಗೆ ಎರಡೂವರೆ ಯಾರ್ಡ್ ಅಂತ ಹಿಡಿದರೂ ವೇಗದಿಂದ ಬಂದದ್ದು 15 ಯಾರ್ಡ್. ಉಳಿದ ಇಪ್ಪತ್ತು ಚಿಲ್ಲರೆ ಯಾರ್ಡ್ ಬಂದದ್ದು ಪೌಡರ್ ಸ್ಪ್ರೇ, ಎತ್ತರದ ಟೀ, ರಟ್ಟಿನ ಪೆಟ್ಟಿಗೆ, ಒಂದು ಡಿಗ್ರಿ ಲಾಫ್ಟ್‌ನಿಂದ.

ಇದರ ಬೆನ್ನಿಗೆ ಇನ್ನೊಂದು ಕೆಲಸ ಎದುರಾಗಿದೆ. ಐರನ್‌ಗಳೂ ಉದ್ದ ಹೋಗುತ್ತಿವೆ. ಹಳೆಯ ಲೆಕ್ಕದಲ್ಲಿ 7 ಐರನ್ ಹೊಡೆದರೆ ಚೆಂಡು ಗ್ರೀನ್ ದಾಟಿ ಹಿಂದೆ ಬೀಳುತ್ತಿದೆ. ಎಲ್ಲ ಕ್ಲಬ್‌ಗಳ ದೂರವನ್ನೂ ಮತ್ತೆ ಅಳೆದು ಪುಸ್ತಕದಲ್ಲಿ ಬರೆದುಕೊಳ್ಳುತ್ತಿದ್ದೇನೆ. ಹತ್ತಿರದ ಹೊಡೆತಕ್ಕೆ ಬಳಸುವ ವೆಜ್‌ಗಳು ಮುಗಿದಿವೆ, 9 ಮತ್ತು 8 ಮುಗಿದಿವೆ. ಈ ವಾರ 7.